ಗುಂಡಿ ಹೊಲಿಯುವ ಕೆಲಸ

ಸ್ವೆಟರ್ ಹೆಣೆದವರನ್ನು ಎಲ್ಲರೂ ಹೊಗಳುತ್ತಾರೆ. ಅದಕ್ಕೆ ಗುಂಡಿ ಹೊಲಿದವರು ಯಾರೆಂದು ಯಾರೂ ಕೇಳುವುದಿಲ್ಲ. ಗುಂಡಿ ಕಿತ್ತುಹೋದ ದಿನ ಮಾತ್ರ ಕೇಳುತ್ತಾರೆ. (ರಸ್ತೆಯ ಗುಂಡಿಯ ಮಾತಲ್ಲ ಇದು. ಅದನ್ನು ಹಾಕಿದವರು ಯಾರೆಂದು ಕೇಳಿದರೂ ಉತ್ತರ ಸಿಗುವುದಿಲ್ಲ ಬಿಡಿ.)

ನಮ್ಮ ಮನೆಯಲ್ಲಿ ಹೆಣಿಗೆ ದೊಡ್ಡಮ್ಮನದು, ಗುಂಡಿ ನನ್ನದು. ಸಕಲೇಶಪುರದ ಮಳೆಗಾಲ ನೋಡಿದವರಿಗೆ ಸ್ವೆಟರಿನ ಬೆಲೆ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಶುರುವಾದ ಮಳೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಸ್ಥಿತಿಗೆ ತರುತ್ತಿತ್ತು. ಆ ನಾಲ್ಕು ತಿಂಗಳೂ ದೊಡ್ಡಮ್ಮನ ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಮಾತಾಡುತ್ತಲೇ, ಸಾರಿನ ಕುದಿ ಕೇಳಿಸಿಕೊಳ್ಳುತ್ತಲೇ, ಬಾಗಿಲಿಗೆ ಬಂದ ಮೀನಿನವನನ್ನು ನಮ್ಮ ಮನೆಯಲ್ಲಿ ತಿನ್ನುವುದಿಲ್ಲವೆಂದು ಕಳಿಸುತ್ತಲೇ ಹೆಣೆಯುವರು. ಆದರೆ ಸೂಜಿ ಹಿಡಿಯುವುದೆಂದರೆ ಅವರಿಗಾಗದು. "ಬಾರೆ ಇಲ್ಲಿ, ಗುಂಡಿ ಹಾಕಿಕೊಡು" ಎಂದು ನನ್ನನ್ನು ಕೂಗುವರು. ಆಗ ನನಗೆ ಹನ್ನೊಂದೋ ಹನ್ನೆರಡೋ.

ಹೊಲಿದು ಕೊಟ್ಟರೆ ಮುಗಿಯಲಿಲ್ಲ, ಪರೀಕ್ಷೆ ಇತ್ತು. ದೊಡ್ಡಮ್ಮ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಹಸುವಿನ ಮೊಲೆ ಹಿಂಡುವ ಹಾಗೆ ಎರಡು ಸಲ ಜಗ್ಗುವರು. ಹಿಂದಿನ ಹೆಣಿಗೆ ಗುಂಡಿಯ ಜೊತೆ ಗೋಪುರದ ಹಾಗೆ ಎದ್ದು ಬಂದರೆ ಮಾತಿಲ್ಲದೆ ನನ್ನ ಮಡಿಲಿಗೆ ಎಸೆಯುವರು.

ಅಂಗಿಗೆ ಗುಂಡಿ ಹೊಲಿಯಲು ಬರುತ್ತದೆ, ಸ್ವೆಟರಿಗೇನು ಮಹಾ ಎನ್ನುವವರುಂಟು. ಅಲ್ಲೇ ಇರುವುದು ವ್ಯತ್ಯಾಸ. ಅಂಗಿಯ ಬಟ್ಟೆ ನೇಯ್ದದ್ದು. ಹಾಸು ಹೊಕ್ಕು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ, ಸೂಜಿ ಎಲ್ಲಿ ಚುಚ್ಚಿದರೂ ಹಿಡಿತ ಸಿಗುತ್ತದೆ. ಸ್ವೆಟರು ಹಾಗಲ್ಲ, ಅದು ಬರೀ ಕುಣಿಕೆಗಳ ಸಾಲು. ಕುಣಿಕೆಯ ಸ್ವಭಾವವೇ ಹಿಗ್ಗುವುದು. ಅಂಥ ಒಂದೇ ಕುಣಿಕೆಗೆ ಗುಂಡಿಯನ್ನು ನೇತುಹಾಕಿದರೆ ಅದು ದಿನಕ್ಕಿಷ್ಟು ಎಳೆದುಕೊಂಡು, ತಿಂಗಳಲ್ಲಿ ಗುಂಡಿ ಹೊಟ್ಟೆಯ ಮಟ್ಟಕ್ಕೆ ಜೋತು ಬೀಳುತ್ತದೆ. ಇನ್ನು ದಾರ. ಪಾಲಿಯೆಸ್ಟರ್ ದಾರ ಗಟ್ಟಿ ಎಂದು ನಾವು ಅದನ್ನೇ ಹುಡುಕುತ್ತೇವೆ. ಆದರೆ ಆ ಸಣ್ಣ ಗಟ್ಟಿ ದಾರ ಮೆತ್ತನೆಯ ಉಲ್ಲನ್ನನ್ನು ಮೊಸರಿಗೆ ಚಾಕು ಹಾಕಿದಂತೆ ಕೊಯ್ಯಬಲ್ಲದು. ಗುಂಡಿಗೇನೂ ಆಗಿರುವುದಿಲ್ಲ, ದಾರಕ್ಕೂ ಏನೂ ಆಗಿರುವುದಿಲ್ಲ, ಸ್ವೆಟರಿನಲ್ಲಿ ತೂತು!

ಇದಕ್ಕೆ ಮದ್ದು ನನಗೆ ಹೇಳಿಕೊಟ್ಟವರು ಪಕ್ಕದ ಬೀದಿಯ ಟೈಲರ್ ಒಬ್ಬರು. ಸ್ವೆಟರಿನ ಒಳಬದಿಗೆ, ಮೇಲಿನ ಗುಂಡಿಯ ನೇರಕ್ಕೆ, ಅಂಗಿಯ ಕಾಲರಿನ ಗುಂಡಿಯಷ್ಟು ಸಣ್ಣದಾದ ಚಪ್ಪಟೆ ಗುಂಡಿಯೊಂದನ್ನು ಇಡುವುದು. ಸೂಜಿ ಮೇಲಿನ ಗುಂಡಿಯ ತೂತಿನಿಂದ ಇಳಿದು, ಹೆಣಿಗೆ ದಾಟಿ, ಕೆಳಗಿನ ಗುಂಡಿಯ ತೂತಿನಿಂದ ಹೊರಬರಬೇಕು. ಆಮೇಲೆ ಗುಂಡಿಯನ್ನು ಎಷ್ಟು ಎಳೆದರೂ ಭಾರ ಕುಣಿಕೆಯ ಮೇಲೆ ಬೀಳುವುದಿಲ್ಲ, ಒಳಗಿನ ಗುಂಡಿಯ ಅಗಲಕ್ಕೆಲ್ಲ ಹಂಚಿಹೋಗುತ್ತದೆ. ಎರಡಕ್ಕೂ ತೂತಿನ ಲೆಕ್ಕ ಒಂದೇ ಇದ್ದರೆ ಸಲೀಸು. ಒಳಗುಂಡಿ ಮೈಗೆ ಒತ್ತುತ್ತದೆ ಎನ್ನುವವರು ಕಾಸಗಲದ ಗಟ್ಟಿ ಬಟ್ಟೆಯ ಬಿಲ್ಲೆ ಇಟ್ಟುಕೊಳ್ಳಬಹುದು. ಇನ್ನೂ ಅಚ್ಚುಕಟ್ಟಾಗಿ ಬೇಕೆಂದರೆ ಪಟ್ಟಿಯ ಉದ್ದಕ್ಕೂ ಒಳಗಡೆ ರಿಬ್ಬನ್ ಕೊಡಬೇಕು. ಆದರೆ ಹತ್ತಿಯ ರಿಬ್ಬನ್ನನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ, ಮೊದಲ ಒಗೆತಕ್ಕೇ ಅದು ಕುಗ್ಗಿ, ಸ್ವೆಟರಿನ ಮುಂಭಾಗ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ.

ಇನ್ನೊಂದು ವಿಷಯ ಗುಂಡಿಯ ಕುತ್ತಿಗೆ. ಕೆಲವು ಗುಂಡಿಗಳಿಗೆ ಕೆಳಗೆ ಬಳೆಯಂತಹ ಕೊಂಡಿ ಇದ್ದೇ ಇರುತ್ತದೆ. ಎರಡು ತೂತು, ನಾಲ್ಕು ತೂತಿನ ಚಪ್ಪಟೆ ಗುಂಡಿಗೆ ನಾವೇ ಕುತ್ತಿಗೆ ಮಾಡಿಕೊಡಬೇಕು. ಸ್ವೆಟರಿನ ಪಟ್ಟಿ ದಪ್ಪ. ಗುಂಡಿ ಮೈಗೆ ಅಂಟಿಕೊಂಡಿದ್ದರೆ ಆ ದಪ್ಪ ಪಟ್ಟಿ ಅದರಡಿ ಕೂರುವುದಾದರೂ ಎಲ್ಲಿ? ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡವಿಟ್ಟು, ಅದರ ಮೇಲಿನಿಂದ ನಾಲ್ಕಾರು ಸಲ ದಾರ ಹಾಯಿಸಿ, ಕಡ್ಡಿ ಎಳೆದುಬಿಟ್ಟರೆ ಗುಂಡಿ ತುಸು ಮೇಲೇಳುತ್ತದೆ. ಆ ಸಂದಿಯ ದಾರಗಳಿಗೆ ಅದೇ ದಾರವನ್ನು ಬಿಗಿಯಾಗಿ ಐದಾರು ಸುತ್ತು ಸುತ್ತಿ ಹಿಂದಕ್ಕೆ ಇಳಿಸುವುದು. ಅಲ್ಲಿ ಬರೀ ಗಂಟು ಹಾಕಿ ಕತ್ತರಿಸಬಾರದು. ಗಂಟು ಕುಣಿಕೆಯೊಳಗೆ ನುಸುಳಿ ಈಚೆ ಬಂದುಬಿಡುತ್ತದೆ. ಹಿಂಬದಿಯ ಕುಣಿಕೆಗಳೊಳಗೆ ದಾರವನ್ನು ಒಮ್ಮೆ ಹೋಗುತ್ತ, ಒಮ್ಮೆ ಬರುತ್ತ ಹಾಯಿಸಿ ಕತ್ತರಿಸಬೇಕು.

ಸ್ವೆಟರಿನ ಉಲ್ಲನ್ನಿನಿಂದಲೇ ಹೊಲಿದರೆ ಬಣ್ಣ ಹೊಂದುತ್ತದೆ, ನಿಜ. ನಾಲ್ಕೆಳೆಯದಾದರೆ ಬಿಡಿಸಿ ಎರಡೆಳೆ ಮಾಡಿಕೊಳ್ಳಬಹುದು. ಆದರೆ ಹುರಿ ಕಡಿಮೆಯಿರುವ ದಾರ ಬಿಡಿಸುವಾಗಲೇ ಕೈಯಲ್ಲಿ ಪುಡಿಯಾಗುತ್ತದೆ. ಅಂಥದ್ದರಿಂದ ಹೊಲಿದ ಗುಂಡಿ ಊರಿನ ಬಸ್ಸಿನಲ್ಲಿ ಒಂದು ಸಲ ನೂಕಿಸಿಕೊಂಡರೆ ಮುಗಿಯಿತು.

ಗುಂಡಿ ಕೊಳ್ಳಲು ಮ್ಯಾಚಿಂಗ್ ಸೆಂಟರಿಗೆ ಹೋದಾಗ ನಾವು ಹೆಂಗಸರು ಬಣ್ಣ ಮಾತ್ರ ನೋಡುತ್ತೇವೆ. ತೂಕವನ್ನೂ ಒಮ್ಮೆ ಅಂಗೈಲಿಟ್ಟು ನೋಡಿ. ಹಿತ್ತಾಳೆಯ ದಪ್ಪ ಗುಂಡಿ ಕಾರ್ಡಿನ ಮೇಲೆ ಚೆಂದ, ಸ್ವೆಟರಿನ ಮೇಲೆ ಭಾರ. ತೆಂಗಿನ ಚಿಪ್ಪಿನದು ಹಗುರ, ನೋಡಲೂ ಲಕ್ಷಣ. ಆದರೆ ಅದನ್ನು ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಬಾರದು. ಹೆಂಗಸರ ಸ್ವೆಟರಿಗಾದರೆ ಎದೆಯ ತುಂಬಿದ ಭಾಗದ ನೇರಕ್ಕೆ ಒಂದು ಗುಂಡಿ ಬರಲೇಬೇಕು, ಉಳಿದವನ್ನು ಅದರ ಅಂತರ ನೋಡಿ ಹಂಚಿಕೊಳ್ಳುವುದು. ಇಲ್ಲದಿದ್ದರೆ ಅಲ್ಲೇ ಬಾಯಿ ಬಿಟ್ಟುಕೊಂಡು, ಮದುವೆ ಮನೆಯಿಡೀ ಸೆರಗು ಎಳೆದುಕೊಳ್ಳುತ್ತ ತಿರುಗಬೇಕು.

ಹೀಗೆ ಮುಂದೆ ತೆರೆದು ಗುಂಡಿ ಹಾಕುವ ಸ್ವೆಟರಿಗೆ ಕಾರ್ಡಿಗನ್ ಎಂಬ ಹೆಸರು ಬಂದದ್ದು ಇಂಗ್ಲೆಂಡಿನ ಏಳನೆಯ ಅರ್ಲ್ ಆಫ್ ಕಾರ್ಡಿಗನ್ ಎಂಬ ಸೇನಾಧಿಕಾರಿಯಿಂದ. 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಕ್ಲಾವಾ ಕದನದಲ್ಲಿ ಕುದುರೆ ದಳ ನುಗ್ಗಿಸಿದವನು ಆತ. ಆ ಊರಿನ ಹೆಸರು ನಮ್ಮ ಮಂಕಿ ಟೋಪಿಗೆ ಅಂಟಿತು. ಅಲ್ಲಿನ ಬ್ರಿಟಿಷ್ ಸೇನೆಯ ಮುಖ್ಯಸ್ಥ ಲಾರ್ಡ್ ರಾಗ್ಲನ್ನನ ಹೆಸರು ಕುತ್ತಿಗೆಯಿಂದ ಓರೆಯಾಗಿ ಇಳಿಯುವ ತೋಳಿಗೆ. ಇದನ್ನು ದೊಡ್ಡಮ್ಮನಿಗೆ ಓದಿ ಹೇಳಿದಾಗ ಅವರು ಹೆಣಿಗೆ ನಿಲ್ಲಿಸದೆ, "ಅಷ್ಟು ಜನ ಸತ್ತು, ಉಳಿದಿದ್ದು ಮೂರು ಸ್ವೆಟರ್ ಹೆಸರೇ?" ಎಂದರು.

2017ರಲ್ಲಿ ದೊಡ್ಡಮ್ಮನಿಗೆ ಎಂಬತ್ತನಾಲ್ಕು. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದರಲ್ಲಿ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ಆದರೂ ಪುಣೆಯಲ್ಲಿರುವ ಮರಿಮಗಳಿಗೆ ಬೆರಳ ತುದಿಯಿಂದಲೇ ಕುಣಿಕೆ ಎಣಿಸುತ್ತ ಹಳದಿ ಸ್ವೆಟರೊಂದನ್ನು ಹೆಣೆದರು. ಬರೀ ಸೀದಾ ಸಾಲು, ಐದು ಕಾಜಾ. ಗುಂಡಿಯನ್ನೂ ಮೊದಲೇ ತರಿಸಿಟ್ಟಿದ್ದರು, ಮುತ್ತಿನ ಬಣ್ಣದವು. "ಗಟ್ಟಿಯಾಗಿ ಹಾಕು ಕಣೆ. ಇದೇ ಕೊನೇದು" ಎಂದರು.

ನನ್ನ ಕೈ ಏಳಲಿಲ್ಲ. ಮಗುವಿಗೆ ಆಗ ಎಂಟು ತಿಂಗಳು. ಅದಕ್ಕೆ ಹಿಂದಿನ ವರ್ಷವಷ್ಟೇ ನಮ್ಮ ವಠಾರದ ಒಂದು ಕೂಸು ಸುಮ್ಮನೆ ಜೊಲ್ಲು ಸುರಿಸುತ್ತ ಕೂತಿದ್ದಾಗ ಅದರ ತಾಯಿಗೆ ಯಾಕೋ ಅನುಮಾನ ಬಂದು ನೋಡಿದರೆ, ಕೆನ್ನೆಯ ಸಂದಿಯಲ್ಲಿ ಸ್ವೆಟರಿನ ಗುಂಡಿ! ಕಣ್ಣಿಗೆ ಕಾಣುವಂತಿತ್ತು, ತೆಗೆದಳು. ಗಂಟಲಿಗೆ ಇಳಿದಿದ್ದರೆ? ಆ ತಾಯಿ ಅರ್ಧ ಗಂಟೆ ನಡುಗುತ್ತ ಕೂತದ್ದನ್ನು ಕಣ್ಣಾರೆ ಕಂಡವಳು ನಾನು. ಮಕ್ಕಳು ಎಲ್ಲವನ್ನೂ ಬಾಯಿಂದಲೇ ಪರೀಕ್ಷಿಸುವ ಮೂರು ವರ್ಷದವರೆಗೆ, ಎಷ್ಟೇ ಗಟ್ಟಿಯಾಗಿ ಹೊಲಿದರೂ ಗುಂಡಿಯನ್ನು ನಾನು ನಂಬುವುದಿಲ್ಲ.

"ದೊಡ್ಡಮ್ಮಾ, ಇದಕ್ಕೆ ಗುಂಡಿ ಬೇಡ. ಕಟ್ಟುವ ಹಾಗೆ ದಾರ ಕೊಡೋಣ" ಎಂದೆ.

"ಗುಂಡಿ ಇಲ್ಲದ್ದು ಸ್ವೆಟರೇನೇ? ನಿಮ್ಮನ್ನೆಲ್ಲ ಗುಂಡಿ ಹಾಕಿಯೇ ಸಾಕಲಿಲ್ಲವಾ ನಾನು?"

"ಸಾಕಿದಿರಿ. ನೀವು ಪಕ್ಕದಲ್ಲೇ ಕೂತಿರುತ್ತಿದ್ದಿರಿ. ಅಲ್ಲಿ ಅದರಮ್ಮ ಆಫೀಸಿಗೆ ಹೋಗುತ್ತಾಳೆ."

ಎರಡು ದಿನ ಮಾತು ಬಿಟ್ಟರು. ಕಣ್ಣು ಹೋದ ಮೇಲೆ ಅವರ ಕೈಯಲ್ಲಿ ಉಳಿದದ್ದು ಅದೊಂದೇ ಕೆಲಸ. ಅದನ್ನೂ ನಾನು ಅರೆಬರೆ ಮಾಡಿ ಕಳಿಸುತ್ತೇನೆ ಎಂದೇ ಅವರಿಗನಿಸಿರಬೇಕು. ಮೂರನೆಯ ದಿನ ಬೆಳಿಗ್ಗೆ ಕಾಫಿ ಕೊಡಲು ಹೋದರೆ ಕ್ರೋಶೆ ಕಡ್ಡಿ ಹಿಡಿದು ಕೂತಿದ್ದರು. ಮಡಿಲಲ್ಲಿ ಗೇಣುದ್ದದ ಹಳದಿ ದಾರಗಳು, ಎಣಿಸಿದರೆ ಆರು. "ಕುತ್ತಿಗೆ ಹತ್ತಿರ ಹಾಕಬೇಡ, ಸುತ್ತಿಕೊಂಡೀತು. ಎದೆಗೆ ಮೂರು ಜೋಡಿ ಸಾಕು. ಉದ್ದ ಆಯಿತೆಂದರೆ ಕತ್ತರಿಸು" ಎಂದರು. ಕತ್ತರಿಸಿ ಬೆರಳುದ್ದ ಮಾಡಿ, ತುದಿ ಬಿಚ್ಚದಂತೆ ಭದ್ರಪಡಿಸಿ, ಹೊಲಿದು ಕೊಟ್ಟೆ. ಒಂದೊಂದನ್ನೂ ಎರಡೆರಡು ಸಲ ಜಗ್ಗಿದರು. ಆಮೇಲೆ ಗುಂಡಿಗಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿತ್ತು, "ಅದು ದೊಡ್ಡದಾದ ಮೇಲೆ ಹಾಕು" ಎಂದರು. ಅಷ್ಟು ಹೊತ್ತಿಗೆ ಆ ಸ್ವೆಟರು ಅದಕ್ಕೆ ಆಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

2019ರಲ್ಲಿ ದೊಡ್ಡಮ್ಮ ಹೋದರು. ಹಳದಿ ಸ್ವೆಟರು ಆ ಮಗುವಿನಿಂದ ಅದರ ತಮ್ಮನಿಗೆ, ಅವನಿಂದ ಬೆಂಗಳೂರಿನ ಇನ್ನೊಂದು ಕೂಸಿಗೆ ದಾಟಿತು. ದಾರ ಒಂದೂ ಕಿತ್ತು ಬಂದಿಲ್ಲವಂತೆ.

ಹೆಣಿಗೆಯಲ್ಲಿ ನಾನು ದೊಡ್ಡಮ್ಮನ ಕಾಲ ಧೂಳಿಗೂ ಸಮನಲ್ಲ. ಆದರೂ 2024ರ ಡಿಸೆಂಬರಿನಲ್ಲಿ ಪುಣೆಯವಳಿಗೆ ಏಳು ವರ್ಷವಾದಾಗ ಒಂದು ನೀಲಿ ಸ್ವೆಟರು ಹೆಣೆದೆ. ತೋಳು ಒಂದು ಎರಡು ಸಾಲು ಉದ್ದವಾಗಿದೆ, ಇರಲಿ, ಬೆಳೆಯುವ ಹುಡುಗಿ. ಸ್ಟೀಲು ಡಬ್ಬಿಯಿಂದ ಆ ಐದು ಗುಂಡಿ ತೆಗೆದು, ಒಳಗೆ ಸಣ್ಣ ಗುಂಡಿ ಕೊಟ್ಟು, ಬೆಂಕಿಕಡ್ಡಿ ಇಟ್ಟು ಹೊಲಿದೆ. ರಜಕ್ಕೆ ಬಂದಿದ್ದ ಹುಡುಗಿ ಹಾಕಿಕೊಂಡವಳೇ ಕನ್ನಡಿಗೂ ಹೋಗದೆ ಮೇಲಿನ ಗುಂಡಿ ಹಿಡಿದು ಎಳೆಯತೊಡಗಿದಳು. "ಯಾಕೆ ಪುಟ್ಟಿ, ಹಾಗೆ ಎಳೀತೀಯ?" ಎಂದೆ.

"ಸುಮ್ನೆ ಅಜ್ಜಿ, ಬರತ್ತಾ ನೋಡ್ತಿದೀನಿ" ಎಂದಳು. ಐದನ್ನೂ ಎಳೆದು ನೋಡಿದ ಮೇಲೆಯೇ ಹೊರಗೆ ಆಡಲು ಓಡಿದ್ದು.