ಎರಡು ಗುಳಿಗೆಗಳ ಜಗಳ

ನಾವು ರಾಯಚೂರು ಸೀಮೆಯನ್ನು ಬಿಟ್ಟು ಸುಲ್ತಾನ್ ಬಜಾರಿನ ಓಣಿಯೊಂದರಲ್ಲಿ ಬಿಡಾರ ಹೂಡಿ ಮೂವತ್ತು ವರುಷಗಳಾದುವು. ಹೊಟ್ಟೆಪಾಡಿಗೆ ಬಂದವರು ಊರಿನ ಜೋಳದ ರೊಟ್ಟಿಯನ್ನು ಮರೆತು, ಇರಾನಿ ಚಹವನ್ನೂ ಉಸ್ಮಾನಿಯಾ ಬಿಸ್ಕತ್ತನ್ನೂ ಚೆನ್ನಾಗಿಯೇ ಕಲಿತೆವು. ಹನ್ನೆರಡು ವರುಷಗಳ ಹಿಂದೆ ಸಿಹಿಮೂತ್ರ ರೋಗವೂ ನೆಂಟನಂತೆ ಬಂದು, ಹೋಗುವ ಮಾತನ್ನೇ ಆಡದೆ ಉಳಿದುಬಿಟ್ಟಿತು.

ಕಳೆದ ವರುಷ ವೈದ್ಯರು ಸಕ್ಕರೆಯ ಗುಳಿಗೆಯ ಜೊತೆಗೆ ಕೊಬ್ಬು ಇಳಿಸುವ ಸ್ಟ್ಯಾಟಿನ್ ಗುಳಿಗೆಯೊಂದನ್ನು ಬರೆದುಕೊಟ್ಟರು. ರಾತ್ರಿಗೊಂದು. ಕೆಲವು ತಿಂಗಳಾದ ಮೇಲೆ ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ, 7.2 ಇದ್ದದ್ದು 7.9 ಆಗಿತ್ತು. ನೆರೆಮನೆಯ ಹಿರಿಯರು ತಲೆಯಾಡಿಸಿ, "ಆ ಕೊಬ್ಬಿನ ಗುಳಿಗೆಯೇ ಸಕ್ಕರೆ ಏರಿಸುವುದು" ಎಂದರು. ಸರಿ, ನಾವು ಯಾರಿಗೂ ಹೇಳದೆ ಅದನ್ನು ನಿಲ್ಲಿಸಿಬಿಟ್ಟೆವು.

ಗುಟ್ಟು ಎಷ್ಟು ದಿನ ನಿಂತೀತು? ಅಂಗಿ ಒಗೆಯಲು ತೆಗೆದಾಗ ಜೇಬಿನಿಂದ ಒಡೆಯದ ಗುಳಿಗೆಪಟ್ಟಿ ಹೊರಬಿತ್ತು. ನಮ್ಮ ಮನೆಯವರು ಕೂಗಾಡಲಿಲ್ಲ. "ನೋಡ್ರಿ, ನಿಮ್ಮ ಅಣ್ಣಾವ್ರಿಗೂ ಸಕ್ರಿ ಕಾಯಿಲಿನೇ ಇತ್ತು. ಅವರು ಹೋದದ್ದು ಎದಿ ನೋವಿನಿಂದ" ಎಂದಷ್ಟೇ ಹೇಳಿ, ಪಟ್ಟಿಯನ್ನು ನಮ್ಮ ಕೈಯಲ್ಲಿಟ್ಟರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಮರುದಿನ ಇಬ್ಬರೂ ವೈದ್ಯರಲ್ಲಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ನಕ್ಕು, ನೆರೆಯವರ ಮಾತು ಪೂರಾ ಸುಳ್ಳಲ್ಲ ಎಂದರು. ಈ ಜಾತಿಯ ಔಷಧಗಳಿಂದ ಸಕ್ಕರೆ ಏರಬಹುದೆಂಬ ಎಚ್ಚರಿಕೆಯನ್ನು 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಸೇರಿಸಿತಂತೆ. ಆದರೆ ಎಚ್‌ಬಿಎ1ಸಿ ಲೆಕ್ಕದಲ್ಲಿ ಆ ಏರಿಕೆ ಸರಾಸರಿ 0.1ರಷ್ಟು ಮಾತ್ರ. "ನಿಮಗೆ ಏರಿದ್ದು 0.7. ಮಿಕ್ಕ ಆರು ಪಾಲು ಎಲ್ಲಿಂದ ಬಂದಿತು, ಸ್ವಾಮಿ?" ಎಂದು ಕೇಳಿದರು. ನಾವು ಛಾವಣಿ ನೋಡಿದೆವು. ಮದುವೆ ಊಟಗಳು, ದಿನಕ್ಕೆ ನಾಲ್ಕು ಸಲದ ಚಹ, ಜೊತೆಗಿನ ಬಿಸ್ಕತ್ತು, ಎಲ್ಲವನ್ನೂ ಮನೆಯವರೇ ಬೆರಳು ಮಡಿಸಿ ಒಪ್ಪಿಸಿದರು.

ಸಿಹಿಮೂತ್ರವುಳ್ಳವರಿಗೆ ಪ್ರಾಣಾಪಾಯ ಹೆಚ್ಚಾಗಿ ಬರುವುದು ಹೃದಯದ ಮತ್ತು ರಕ್ತನಾಳಗಳ ಕಡೆಯಿಂದ ಎಂದು ವೈದ್ಯರು ತಿಳಿಸಿದರು. ಹದಿನಾಲ್ಕು ಪ್ರಯೋಗಗಳಲ್ಲಿದ್ದ 18,686 ಮಂದಿ ಸಿಹಿಮೂತ್ರ ರೋಗಿಗಳ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಕೆಟ್ಟ ಕೊಬ್ಬು 39 ಮಿಲಿಗ್ರಾಮಿನಷ್ಟು ಇಳಿದಾಗ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಅನಾಹುತಗಳು ಸುಮಾರು ಐದರಲ್ಲೊಂದು ಪಾಲು ತಗ್ಗಿದುವು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1973ರಲ್ಲಿ ಬೂಷ್ಟಿನಿಂದ ಇಂತಹ ಮೊದಲ ವಸ್ತುವನ್ನು ಬೇರ್ಪಡಿಸಿದರಂತೆ. ಬೂಷ್ಟು ಕಂಡರೆ ಮೂಗು ಮುರಿಯುವ ನಮಗೆ ಅದು ಸೋಜಿಗವೆನಿಸಿತು.

ಈಗ ಎರಡು ಗುಳಿಗೆಗಳೂ ನಮ್ಮ ಮನೆಯಲ್ಲಿ ಜಗಳವಿಲ್ಲದೆ ಇವೆ. ಅನ್ನ ಅರ್ಧವಾಗಿದೆ, ಜೋಳದ ರೊಟ್ಟಿ ಮರಳಿ ಬಂದಿದೆ. ಜೋಳವೂ ಪಿಷ್ಟವೇ ಆದುದರಿಂದ ಎರಡನ್ನು ಮೀರುವಂತಿಲ್ಲ. ಸಂಜೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆಗೆ ಇಬ್ಬರೂ ನಡೆದು ಹೋಗಿಬರುತ್ತೇವೆ. ಮೂರು ತಿಂಗಳ ಮೇಲಿನ ಪರೀಕ್ಷೆಯಲ್ಲಿ 7.3 ಬಂದಿತು. ಮೈಕೈ ನೋವೇ ಮೊದಲಾಗಿ ಯಾವ ತೊಂದರೆ ಕಂಡರೂ ಮೊದಲು ತಮಗೆ ಹೇಳಬೇಕೆಂದು ವೈದ್ಯರು ಮಾತು ತೆಗೆದುಕೊಂಡಿದ್ದಾರೆ.

ನಮ್ಮಂತೆ ಗುಳಿಗೆಯನ್ನು ಜೇಬಿನಲ್ಲಿ ಬಚ್ಚಿಟ್ಟ ಬಂಧುಗಳಿದ್ದರೆ ಇಂದೇ ವೈದ್ಯರಲ್ಲಿಗೆ ಹೋಗಿ ಕೇಳಲಿ. ಗುಳಿಗೆಯ ಮೇಲೆ ತಪ್ಪು ಹೊರಿಸುವ ಮೊದಲು ತಟ್ಟೆಯನ್ನೂ ಒಮ್ಮೆ ನೋಡಲಿ. ನಮ್ಮ ಅಂಗಿಯ ಜೇಬನ್ನಂತೂ ಮನೆಯವರು ಈಗಲೂ ದಿನವೂ ತಡಕುತ್ತಾರೆ.