ಸಿಹಿ ಇಳಿದ ಮೇಲೆ

ಲೇಟ್ ಬಾಟಲ್ಡ್ ವಿಂಟೇಜ್ ಪೋರ್ಟ್, ಅಂದರೆ ಎಲ್‌ಬಿವಿ, ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಲೇಬಲ್ಲಿನ ಮೇಲಿರುವ ಎರಡು ಇಸವಿಗಳನ್ನು. ಒಂದು ದ್ರಾಕ್ಷಿ ಕೊಯ್ದ ವರ್ಷ, ಇನ್ನೊಂದು ವೈನನ್ನು ಬಾಟಲಿಗೆ ತುಂಬಿದ ವರ್ಷ. ಎರಡನೆಯದು ಮೊದಲನೆಯದಕ್ಕಿಂತ ನಾಲ್ಕರಿಂದ ಆರು ವರ್ಷ ಮುಂದಿರಬೇಕೆಂಬುದು ಪೋರ್ಚುಗಲ್ಲಿನ ಕಾನೂನು. ಅಷ್ಟೂ ಕಾಲ ವೈನ್ ಮರದೊಳಗೆ ಇರುತ್ತದೆ, ಹೆಚ್ಚಾಗಿ ಪೋರ್ಟೊ ನಗರದ ಎದುರು ದಡದ ವಿಲಾ ನೋವಾ ಡಿ ಗಾಯಾದ ತಂಪು ಉಗ್ರಾಣಗಳಲ್ಲಿ, ಆಳೆತ್ತರವನ್ನೂ ಮೀರಿದ ಪೀಪಾಯಿಗಳಲ್ಲಿ. ವಿಂಟೇಜ್ ಪೋರ್ಟ್ ಹಾಗಲ್ಲ. ಅದು ಎರಡು ಮೂರು ವರ್ಷಕ್ಕೇ ಬಾಟಲಿ ಸೇರಿ, ಅಲ್ಲಿ ದಶಕಗಟ್ಟಲೆ ಮಾಗುತ್ತದೆ. ತಂದೆ ಕೊಂಡಿಟ್ಟದ್ದನ್ನು ಮಗಳು ತೆರೆಯುವಂಥ ವೈನ್ ಅದು. ಎಲ್‌ಬಿವಿ ತಾನೇ ಮರದಲ್ಲಿ ಕಾದಿದ್ದು, ಕೊಂಡವರನ್ನು ಕಾಯಿಸದೆ ಲೋಟಕ್ಕೆ ಬರುತ್ತದೆ. ಇದನ್ನು ವಿಂಟೇಜ್‌ನ ಅಗ್ಗದ ತಮ್ಮ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಣ್ಣಿನ ಕಸುವು ಉಳಿದಿರಬೇಕು, ಮರ ಅದರ ಮೊನೆಗಳನ್ನು ಸವೆಸಿಯೂ ಇರಬೇಕು. ಈ ಎರಡು ಕೆಲಸ ಒಟ್ಟಿಗೆ ಆಗುವುದು ಸುಲಭವಲ್ಲ, ಆದಾಗ ಅದರದೇ ಒಂದು ರುಚಿ ಹುಟ್ಟುತ್ತದೆ.

ನಮ್ಮ ಕಡೆ ಪೋರ್ಟ್ ಎಂದರೆ ಗೋವಾದಿಂದ ಬರುವ ಸಿಹಿ ವೈನ್ ಎಂದೇ ಬಹಳ ಜನ ತಿಳಿದಿದ್ದಾರೆ. ನಾನು ಹೇಳುತ್ತಿರುವುದು ಉತ್ತರ ಪೋರ್ಚುಗಲ್ಲಿನ ಡೌರೊ ನದಿ ಕಣಿವೆಯ ವೈನ್. 1756ರಲ್ಲಿ ಪೊಂಬಾಲ್‌ನ ಮಾರ್ಕ್ವಿಸ್ ಆ ಕಣಿವೆಗೆ ಗಡಿ ಹಾಕಿಸಿ, ಪೋರ್ಟ್‌ನ ದ್ರಾಕ್ಷಿ ಇದರೊಳಗೇ ಬೆಳೆಯಬೇಕು ಎಂದು ನಿಯಮ ಮಾಡಿಸಿದ. ಅಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು, ಪದರ ಪದರವಾಗಿ ಸೀಳುವ ಶಿಸ್ಟ್ ಕಲ್ಲು. ಬಳ್ಳಿಯ ಬೇರು ಆ ಸೀಳುಗಳಲ್ಲಿ ಇಳಿದು ನೀರು ಹುಡುಕುತ್ತದೆ. ಬೆಟ್ಟದ ಮೈಯನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಆ ತೋಟಗಳನ್ನು ಪಿನ್ಯಾವ್ ಊರಿನ ಬಳಿ ನಿಂತು ನೋಡಿದವರಿಗೆ, ಒಂದು ಬಾಟಲಿಯ ಹಿಂದೆ ಎಷ್ಟು ಬೆನ್ನುಗಳು ಬಾಗಿವೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಇಸವಿ ನೋಡಿದ ಮೇಲೆ ಬಿರಡೆ. ಕೈಯಲ್ಲೇ ತಿರುಗಿಸಿ ತೆಗೆಯುವ, ತಲೆಗೆ ಟೋಪಿಯಿರುವ ಬಿರಡೆಯಾದರೆ ಒಳಗಿರುವುದು ಸಾಮಾನ್ಯವಾಗಿ ಸೋಸಿದ ವೈನ್. ಉದ್ದನೆಯ ಬಿರಡೆ ಕತ್ತಿನೊಳಗೆ ಪೂರ್ತಿ ಇಳಿದಿದ್ದು, ತೆಗೆಯಲು ತಿರುಪು ಬೇಕೆಂದಾದರೆ ನನಗೆ ಆಸೆ ಹುಟ್ಟುತ್ತದೆ. ಅದು ಸೋಸದ ವೈನ್ ಇರಬಹುದು. ಟೇಲರ್ ಕಂಪನಿ 1965ರ ಬೆಳೆಯ ಎಲ್‌ಬಿವಿಯನ್ನು 1970ರಲ್ಲಿ ಮಾರುಕಟ್ಟೆಗೆ ತಂದಾಗಿನಿಂದ ಸೋಸಿದ ಬಗೆಯೇ ಹೆಚ್ಚು ಹಬ್ಬಿತು. ಗಸಿ ಇಲ್ಲ, ಬೇರೆ ಪಾತ್ರೆಗೆ ಬಗ್ಗಿಸುವ ಕೆಲಸವಿಲ್ಲ, ಹೋಟೆಲಿನಲ್ಲಿ ಒಂದೊಂದೇ ಲೋಟ ಸುರಿದು ಕೊಡಬಹುದು. ಅದರಿಂದ ಪೋರ್ಟ್ ಎಷ್ಟೋ ಹೊಸಬರ ಮೇಜಿಗೆ ತಲುಪಿತು, ಆ ಉಪಕಾರವನ್ನು ನಾನು ಸಣ್ಣದು ಮಾಡಲಾರೆ. ಆದರೆ ಸೋಸುವಾಗ ಗಸಿಯ ಜೊತೆ ಮೈಕಟ್ಟೂ ಒಂದಿಷ್ಟು ಹೋಗುತ್ತದೆ ಎಂಬುದು ನನ್ನ ನಾಲಿಗೆಯ ತೀರ್ಪು. ಫೊನ್ಸೆಕಾ, ನೀಪೋರ್ಟ್‌ನಂಥ ಮನೆತನಗಳು ಸೋಸದೆಯೇ ತುಂಬುತ್ತವೆ. ಅಂಥ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟು, ಮರುದಿನ ಕತ್ತಿನ ಹಿಂದೆ ದೀಪವಿಟ್ಟುಕೊಂಡು, ಕೈ ಅಲುಗದಂತೆ ಒಂದೇ ಧಾರೆಯಲ್ಲಿ ಬಗ್ಗಿಸುವುದು ನನಗೆ ಬಲು ಪ್ರಿಯವಾದ ಕೆಲಸ. ಕಪ್ಪು ಗಸಿ ಕತ್ತಿನವರೆಗೆ ತೆವಳಿ ಬಂದ ಕ್ಷಣ ನಿಲ್ಲಿಸಬೇಕು.

ಬೆಂಗಳೂರಿನ ಬೇಸಿಗೆಯಲ್ಲಾದರೆ ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿಡುತ್ತೇನೆ. ಹದಿನಾರರಿಂದ ಹದಿನೆಂಟು ಡಿಗ್ರಿ ಹಿತ. ಅದಕ್ಕಿಂತ ಬಿಸಿಯಾದರೆ ಸ್ಪಿರಿಟ್ಟಿನ ಘಾಟೇ ಮೊದಲು ಮೂಗಿಗೆ ಬಡಿಯುತ್ತದೆ.

ಬಣ್ಣದ ಮಾತು ಬೇಗ ಮುಗಿಯುತ್ತದೆ. ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಹಿಡಿದರೆ ನಡುವೆ ಗಾಢ ಕೆಂಪು, ಅಂಚಿನಲ್ಲಿ ನೇರಳೆಯ ಛಾಯೆ ಅಥವಾ ಮಾಣಿಕ್ಯದ ಕೆಂಪು ಕಾಣಬೇಕು. ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ವೈನ್ ತನ್ನ ಹರೆಯ ದಾಟಿದೆ. ಮೂಗಿಗೆ ಹೆಚ್ಚು ಹೊತ್ತು ಕೊಡಬೇಕು. ಮೊದಲು ಬರುವುದು ಕಪ್ಪು ಹಣ್ಣುಗಳ ವಾಸನೆ, ಕಳಿತ ನೇರಳೆ, ಪ್ಲಮ್. ಸ್ವಲ್ಪ ತಾಳಿದರೆ ಟೂರಿಗಾ ನಾಸಿಯೊನಾಲ್ ದ್ರಾಕ್ಷಿಯ ಹೂವಿನ ಗಂಧ ಮೇಲೇಳುತ್ತದೆ. ಆಮೇಲೆ ಜ್ಯೇಷ್ಠಮಧು, ಕರಿಮೆಣಸು, ಕಹಿ ಚಾಕೊಲೇಟು. ಇನ್ನೂ ಕೆಳಗೆ, ಡೌರೊ ಗುಡ್ಡಗಳ ಮೇಲೆ ಬಿಸಿಲಿಗೆ ಅಂಟು ಸುರಿಸುತ್ತ ನಿಂತಿರುವ ಎಸ್ತೇವಾ ಗಿಡದ ರಾಳದ ವಾಸನೆ. ಅದು ಸಿಕ್ಕ ದಿನ ನನಗೆ ಹಬ್ಬ. ಬರೀ ಒಣದ್ರಾಕ್ಷಿ, ಜಾಮ್ ವಾಸನೆ ಹೊಡೆದರೆ ಹಣ್ಣು ಬಿಸಿಲಿಗೆ ಬಾಡಿದ ಮೇಲೆ ಕೊಯ್ದದ್ದೆಂದು ನನ್ನ ಅನುಮಾನ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ, ಅಲ್ಲಿಗೆ ಆ ಬಾಟಲಿಯ ಕಥೆ ಮುಗಿಯಿತು.

ನಿಜವಾದ ಪರೀಕ್ಷೆ ಬಾಯಿಯಲ್ಲಿ. ಅದೂ ಮೊದಲ ಕ್ಷಣದಲ್ಲಲ್ಲ. ಪೋರ್ಟ್‌ನಲ್ಲಿ ಲೀಟರಿಗೆ ಸುಮಾರು ನೂರು ಗ್ರಾಂ ಸಕ್ಕರೆ ಇರುತ್ತದೆ. ದ್ರಾಕ್ಷಿರಸ ಹುದುಗುತ್ತ ಹುದುಗುತ್ತ ಅದರ ಸಕ್ಕರೆ ಅರ್ಧದಷ್ಟು ಕರಗುವ ಹೊತ್ತಿಗೆ, ಶೇ. 77ರ ದ್ರಾಕ್ಷಿ ಸ್ಪಿರಿಟ್ ಬೆರೆಸಿ ಹುದುಗುವಿಕೆಯನ್ನೇ ನಿಲ್ಲಿಸಿಬಿಡುತ್ತಾರೆ. ಸರಿಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲು ಸ್ಪಿರಿಟ್. ಹಾಗಾಗಿ ಸಿಹಿ ಉಳಿಯುತ್ತದೆ, ಮದ್ಯದ ಅಂಶ ಶೇ. 20ರ ಆಸುಪಾಸಿಗೆ ಏರುತ್ತದೆ. ಈ ಸಿಹಿ ಮೊದಲ ಗುಟುಕಿನಲ್ಲಿ ಯಾರನ್ನಾದರೂ ಒಲಿಸಿಕೊಳ್ಳುತ್ತದೆ, ಸಾಧಾರಣ ವೈನಿನ ಕುಂದನ್ನೂ ಮುಚ್ಚುತ್ತದೆ. ಅದಕ್ಕೇ ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ಒಸಡಿನವರೆಗೂ ಹರಿಸಿ, ನುಂಗಿ, ಸಿಹಿ ಇಳಿಯುವವರೆಗೆ ನಾನು ಸುಮ್ಮನಿರುತ್ತೇನೆ. ಸಿಹಿ ಹೋದ ಮೇಲೆ ಉಳಿಯುವುದೇನು? ಒಳ್ಳೆಯ ಎಲ್‌ಬಿವಿಯಾದರೆ ಮೊದಲು ಒಗರು ಎದ್ದು ನಿಲ್ಲುತ್ತದೆ, ಎಳೆ ನೆಲ್ಲಿಕಾಯಿ ಕಚ್ಚಿದಾಗ ಒಸಡನ್ನು ಹಿಡಿಯುವಂಥ ಒಗರು. ಅದರ ಬೆನ್ನಿಗೆ ಹುಳಿ ಬಂದು ಬಾಯಿಯನ್ನು ಮತ್ತೆ ತಾಜಾ ಮಾಡುತ್ತದೆ. ಕೊನೆಗೆ ಹಣ್ಣು ಇನ್ನೊಮ್ಮೆ, ಈ ಸಲ ಸಿಹಿಯ ಹಂಗಿಲ್ಲದೆ, ಮೆಣಸಿನ ಖಾರದ ಎಳೆಯೊಂದನ್ನು ಹಿಡಿದುಕೊಂಡು ಬರುತ್ತದೆ. ಈ ಎರಡನೆಯ ಬರವಿಗಾಗಿಯೇ ನಾನು ಕಾಯುವುದು. ಅದು ಬರದೆ ಬಾಯಲ್ಲಿ ಪಾಕದ ಅಂಟೊಂದೇ ಉಳಿದರೆ, ಲೇಬಲ್ಲಿನಲ್ಲಿ ಎಷ್ಟು ದೊಡ್ಡ ಹೆಸರಿದ್ದರೂ ಆ ವೈನ್ ಸೋತಿತು.

ಸ್ಪಿರಿಟ್ಟಿನ ನಡತೆಯೂ ಆಗಲೇ ತಿಳಿಯುತ್ತದೆ. ಗಂಟಲಿನಲ್ಲಿ ಗೀರಿದರೆ ಅದು ಇನ್ನೂ ವೈನಿನೊಡನೆ ಒಂದಾಗಿಲ್ಲ. ಎದೆಯ ಕಡೆ ಬೆಚ್ಚಗೆ ಇಳಿದರೆ ಒಂದಾಗಿದೆ. ಈ ಸ್ಪಿರಿಟ್ ಬೇಕೇ ಬೇಡವೇ ಎಂಬ ಜಗಳ ಹಳೆಯದು. ಡೌರೊ ನದಿಯ ನಕ್ಷೆ ಬರೆದ ಪೋರ್ಟ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್ 1844ರಲ್ಲಿ ಕಿರುಹೊತ್ತಿಗೆಯೊಂದನ್ನು ಅಚ್ಚು ಹಾಕಿಸಿ, ವೈನಿಗೆ ಸ್ಪಿರಿಟ್ ಬೆರೆಸುವ ಪದ್ಧತಿಯನ್ನೇ ಖಂಡಿಸಿದ. ತನ್ನ ವ್ಯಾಪಾರದ ಜೊತೆಗಾರರನ್ನೆಲ್ಲ ಎದುರು ಹಾಕಿಕೊಂಡ. 1861ರಲ್ಲಿ ಅದೇ ನದಿಯ ವಲೇರಾ ಸುಳಿಯಲ್ಲಿ ದೋಣಿ ಮಗುಚಿ ತೀರಿಹೋದ. ಆತನ ಸಿಟ್ಟು ನನಗೆ ಅರ್ಥವಾಗುತ್ತದೆ, ದ್ರಾಕ್ಷಿಯ ಮಾತು ದ್ರಾಕ್ಷಿಯ ಬಾಯಿಂದಲೇ ಕೇಳಿಸಬೇಕೆಂಬ ಹಟ ಅದು. ಆದರೂ ಹದವಾಗಿ ಬೆರೆತ ಸ್ಪಿರಿಟ್ ಹಣ್ಣಿನ ದನಿಯನ್ನು ಅಡಗಿಸುವುದಿಲ್ಲ, ಎತ್ತಿ ಹಿಡಿಯುತ್ತದೆ ಎಂದೇ ನನ್ನ ನಂಬಿಕೆ. ಮರದೊಳಗಿನ ಆ ನಾಲ್ಕಾರು ವರ್ಷ ಬೇಕಾಗುವುದು ಮುಖ್ಯವಾಗಿ ಈ ಒಡನಾಟಕ್ಕಾಗಿ.

ತೆರೆದ ಬಾಟಲಿಯನ್ನು ಒಂದೇ ಸಂಜೆಗೆ ಮುಗಿಸುವುದು ನನಗೆ ಒಗ್ಗದು. ಸೋಸದ ಎಲ್‌ಬಿವಿ ಮರುದಿನ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಹಿಂದಿನ ದಿನ ಬಿಗಿದಿದ್ದ ಒಗರು ಸಡಿಲಾಗಿ, ಹೂವಿನ ಗಂಧ ಮುಂದೆ ಬರುತ್ತದೆ. ಮೂರು ನಾಲ್ಕು ದಿನದಲ್ಲಿ ಹಣ್ಣು ಮಂಕಾಗತೊಡಗುವ ಮೊದಲು, ಸೆರ್ರಾ ದ ಎಸ್ತ್ರೆಲಾ ಬೆಟ್ಟಸೀಮೆಯ ಕುರಿಹಾಲಿನ ಗಿಣ್ಣೋ ಕಹಿ ಚಾಕೊಲೇಟಿನ ತುಂಡೋ ಸಿಕ್ಕರೆ ಅದರೊಡನೆ ಮುಗಿಸಬೇಕು.

ಯಾವ ಇಸವಿಯದನ್ನು ಕೊಳ್ಳಲಿ ಎಂದು ಗೆಳೆಯರು ಕೇಳುತ್ತಾರೆ. 2011, 2016ರಂಥ ವರ್ಷಗಳಲ್ಲಿ ಹೆಚ್ಚಿನ ಮನೆತನಗಳು ವಿಂಟೇಜ್ ಘೋಷಿಸಿದವು, ಅವರ ಅತ್ಯುತ್ತಮ ಪೀಪಾಯಿಗಳು ಅದಕ್ಕೇ ಮೀಸಲಾದವು. 2012ರಂಥ, ಹೆಚ್ಚಿನವರು ಘೋಷಿಸದೆ ಬಿಟ್ಟ ವರ್ಷದಲ್ಲಿ ಒಳ್ಳೆಯ ವೈನಿನ ಒಂದು ಪಾಲಾದರೂ ಎಲ್‌ಬಿವಿಗೆ ಹರಿದು ಬರುತ್ತದೆ. ದೊಡ್ಡ ವರ್ಷದ ಸೋಸಿದ ಬಾಟಲಿ, ಸದ್ದಿಲ್ಲದ ವರ್ಷದ ಸೋಸದ ಬಾಟಲಿ ಎರಡೂ ಒಂದೇ ಬೆಲೆಗೆ ಪಕ್ಕಪಕ್ಕ ಇದ್ದರೆ, ಎರಡನೆಯದಕ್ಕೇ ಕೈ ಹಾಕಿ ಎನ್ನುತ್ತೇನೆ.