ಮಾಗಿಯ ಗಾಳ

ಮೀನು ಬೇಯದ ಮನೆಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿ, ಮೂವತ್ತಕ್ಕೂ ಮಿಕ್ಕ ವರ್ಷಗಳನ್ನು ಸಂಸ್ಕೃತದ ಮಾಸ್ತರಿಕೆಯಲ್ಲಿ ಕಳೆದವನೊಬ್ಬನು ಮೀನು ಹಿಡಿಯುವ ವಿಷಯವಾಗಿ ಲೇಖನವನ್ನು ಬರೆಯತೊಡಗುವುದು ವಾಚಕ ಮಹಾಶಯರಿಗೆ ವಿಪರೀತವಾಗಿ ಕಂಡೀತು. ನನಗೂ ಹಾಗೆಯೇ ಕಾಣುತ್ತದೆ. ಆದರೆ ಕಳೆದ ಮಾಗಿಯಲ್ಲಿ ಕಾರಂಜಾ ಜಲಾಶಯದ ದಂಡೆಯ ಮೇಲೆ ನಾಲ್ಕು ದಿವಸ ಕುಳಿತು ಬಂದಂದಿನಿಂದ ಈ ಸಂಗತಿಯು ಮನಸ್ಸಿನಲ್ಲಿ ನಿಲ್ಲಲೊಲ್ಲದು. ಬರೆದಾದರೂ ಹಗುರಾಗೋಣವೆಂದು ಲೇಖನಿಯನ್ನು ಹಿಡಿದಿದ್ದೇನೆ.

ನನ್ನ ಮಗಳ ಮಗನು ಪುಣೆಯಲ್ಲಿ ಓದುತ್ತಾನೆ, ಹದಿನಾಲ್ಕು ವರ್ಷದವನು. ಡಿಸೆಂಬರದ ರಜೆಗೆ ಬೀದರಿಗೆ ಬಂದಾಗ ಅವನ ಕೈಯಲ್ಲಿ ಚಕ್ರ ಜೋಡಿಸಿದ ಗಾಳದ ಕೋಲೊಂದಿತ್ತು. “ಮುತ್ಯಾ, ನಿಮ್ಮ ಊರಿನಲ್ಲಿ ಗಾಳ ಹಾಕುವಷ್ಟು ನೀರಾದರೂ ಇದೆಯೇ?” ಎಂದು ಕೇಳಿದನು. ಪ್ರಶ್ನೆಯು ನೇರವಾಗಿ ನನ್ನ ಅಭಿಮಾನಕ್ಕೆ ತಗುಲಿತು. ಗಾಳದ ವಿದ್ಯೆಗೆ ಶಾಸ್ತ್ರವನ್ನು ಬರೆದವನೇ ನಮ್ಮ ನೆಲದ ಅರಸನು ಎಂದುಬಿಟ್ಟೆನು. ಮಾತು ಸುಳ್ಳಲ್ಲ. ಈಗ ಬಸವಕಲ್ಯಾಣವೆಂದು ಕರೆಯಿಸಿಕೊಳ್ಳುವ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳುಂಟು, ಅರಸರ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ವೂ ಒಂದು. ಮೀನುಗಳ ಜಾತಿಗಳಾವುವು, ಯಾವುದಕ್ಕೆ ಯಾವ ಆಹಾರ, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂಬುದನ್ನೆಲ್ಲ ಆ ದೊರೆಯು ಆನೆಕುದುರೆಗಳ ವಿಷಯದಲ್ಲಿ ತೋರಿದಷ್ಟೇ ಶ್ರದ್ಧೆಯಿಂದ ಹೇಳಿದ್ದಾನೆ. “ಹಾಗಾದರೆ ನಿನಗೆ ಬರುತ್ತದೆ!” ಎಂದನು ಹುಡುಗನು. ನನಗೆ ಬರುತ್ತಿದ್ದುದು ಶಬ್ದಗಳು ಮಾತ್ರ: ಗಾಳಕ್ಕೆ ಬಡಿಶ, ಬಲೆಗೆ ಆನಾಯ, ಮೀನಿನ ಬುಟ್ಟಿಗೆ ಕುವೇಣೀ. ಆದರೂ ಬರುತ್ತದೆಂದೇ ಹೇಳಿದೆನು.

ಕಾರಂಜಾ ಹೊಳೆಯು ಮಾಂಜ್ರಾ ನದಿಯ ಉಪನದಿ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅದಕ್ಕೆ ಅಣೆಕಟ್ಟನ್ನು ಕಟ್ಟಿರುತ್ತಾರೆ, ತುಂಬಿದರೆ ೭.೬೯ ಟಿ.ಎಂ.ಸಿ. ನೀರು. ತುಂಬುವುದೇನೂ ಪ್ರತಿವರ್ಷದ ಮಾತಲ್ಲ. ೨೦೧೬ರ ಬೇಸಗೆಯಲ್ಲಿ ನೆರೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಿಸಿದ ಸೀಮೆಯಿದು. ಕಳೆದ ಮಾಗಿಯಲ್ಲಿ ಮಾತ್ರ ನೀರು ಕಣ್ಣು ಹಾಯುವವರೆಗೂ ಹಬ್ಬಿಕೊಂಡಿತ್ತು.

ನಮ್ಮ ಬೀದರಿನ ಥಂಡಿಯನ್ನು ಬೆಂಗಳೂರಿನವರು ನಂಬಲಾರರು. ಡಿಸೆಂಬರ ಜನೇವರಿಗಳಲ್ಲಿ ಉಷ್ಣಮಾಪಕವು ೧೦ ಡಿಗ್ರಿಗಿಂತ ಕೆಳಗಿಳಿಯುವ ದಿನಗಳುಂಟು. ಇಂತಹ ಮೂರು ಮುಂಜಾವುಗಳಲ್ಲಿ, ಬ್ರಾಹ್ಮೀಮುಹೂರ್ತವೇ ಸರ್ವಕಾರ್ಯಗಳಿಗೂ ಪ್ರಶಸ್ತವೆಂಬ ಪಾಠಶಾಲೆಯ ಸಂಸ್ಕಾರದಿಂದ, ಆ ಹುಡುಗನನ್ನು ನಸುಕಿನಲ್ಲಿಯೇ ಎಬ್ಬಿಸಿ ಭಾಲ್ಕಿಯ ಹಾದಿ ಹಿಡಿದೆನು. ನೀರಿನ ಮೇಲೆ ಹೊಗೆಯಂತೆ ಮಂಜು ಏಳುತ್ತಿತ್ತು. ನೀರುಕಾಗೆಗಳು ರೆಕ್ಕೆ ಹರವಿಕೊಂಡು ಕುಳಿತಿದ್ದವು. ಹುಡುಗನು ನೆಲ್ಲಿಕಾಯಿ ಗಾತ್ರದ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಬೀಸುವನು. ನಾನು ಶಾಲು ಹೊದ್ದು ಸೋಮೇಶ್ವರನ ಮಹಿಮೆಯನ್ನು ಹೇಳುವೆನು. ಸೂರ್ಯನು ಎರಡು ಆಳು ಏರುವಷ್ಟರಲ್ಲಿ ಇಬ್ಬರಿಗೂ ಹಸಿವಾಗಿ ಹಿಂದಿರುಗುವೆವು. ಮೂರು ದಿವಸವೂ ಒಂದು ಮೀನು ಮೂಸಿ ಸಹ ನೋಡಲಿಲ್ಲ. ಮೂರನೆಯ ದಿನ ಮೊಮ್ಮಗನು, “ಮುತ್ಯಾ, ಆ ರಾಜನು ನಿಜವಾಗಿ ಹಿಡಿದಿದ್ದನೋ, ಬರೆದಿದ್ದನೋ?” ಎಂದನು.

ನಾಲ್ಕನೆಯ ದಿನ ತೆಪ್ಪದಲ್ಲಿ ಬಲೆಯನ್ನು ಹೇರಿಕೊಂಡು ಬಂದ ಮೀನುಗಾರನೊಬ್ಬನು ನಮ್ಮನ್ನು ಕಂಡು ದಡಕ್ಕೆ ಹತ್ತಿದನು. ನಲವತ್ತೈದರ ಸುಮಾರಿನ ಗಟ್ಟಿ ಆಳು. “ನಮಸ್ಕಾರ್ರಿ ಸರ್. ಗುರ್ತ ಸಿಗ್ಲಿಲ್ಲೇನ್ರಿ?” ಎಂದನು. ಸಿಕ್ಕಿತು, ಮತ್ತು ಸಿಕ್ಕಿದ ಕ್ಷಣವೇ ನನ್ನ ಮುಖವು ಆ ಚಳಿಯಲ್ಲಿಯೂ ಬಿಸಿಯಾಯಿತು. ಅದರ ಕಾರಣವನ್ನು ಆಮೇಲೆ ಹೇಳುವೆನು.

“ಇಷ್ಟು ನಸುಕಿನಾಗ ಯಾವ ಮೀನ ತಿಂತಾವ್ರಿ ಸರ್? ಥಂಡಿಗೆ ಅವೂ ಹಾಸಿಗಿ ಬಿಟ್ಟು ಏಳಂಗಿಲ್ಲ. ಹತ್ತರ ಮ್ಯಾಲ ಬಿಸಲ ಬೀಳ್ಲಿ,” ಎಂದು ಹೇಳಿ ಹುಡುಗನ ಪಕ್ಕದಲ್ಲಿ ಕುಳಿತನು. ಮೀನಿನ ಮೈಗೆ ಸ್ವಂತದ ಕಾವಿಲ್ಲ. ನೀರು ಎಷ್ಟು ತಣ್ಣಗೋ ಮೈಯೂ ಅಷ್ಟೇ ತಣ್ಣಗೆ. ಹೇಮಂತದಲ್ಲಿ ಮನುಷ್ಯನ ಜಠರಾಗ್ನಿಯು ಪ್ರಬಲವಾಗುವುದೆಂದು ಆಯುರ್ವೇದವು ಹೇಳುತ್ತದಷ್ಟೆ. ಮೀನಿನಲ್ಲಿ ಅದು ತದ್ವಿರುದ್ಧ. ಅಗ್ನಿಯು ಮಂದವಾಗಿ, ತಿನ್ನುವುದೂ ಕಡಿಮೆ, ಚಲಿಸುವುದೂ ಕಡಿಮೆ. ಆದುದರಿಂದ ಮಾಗಿಯಲ್ಲಿ ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗಿನ ಬಿಸಿಲೇ ಗಾಳದ ಮುಹೂರ್ತ. ಅದರಲ್ಲಿಯೂ ಆಕಾಶವು ಶುಭ್ರವಾಗಿ ಬಡಗಣ ಗಾಳಿ ಬೀಸಿ ಒಮ್ಮೆಲೇ ಚಳಿಯೇರಿದ ಮೊದಲ ಒಂದೆರಡು ದಿನ ಮನೆಯಲ್ಲಿರುವುದೇ ಮೇಲು. ಅದೇ ಚಳಿ ಸ್ಥಿರವಾಗಿ ನಿಂತರೆ ಮೀನು ಹೊಂದಿಕೊಂಡು ಮತ್ತೆ ಬಾಯಿ ತೆರೆಯುವುದು. ಮೋಡ ಕವಿದು ರಾತ್ರಿ ಬೆಚ್ಚಗಾದರೆ ಮರುದಿನವು ಒಳ್ಳೆಯದು.

ಉಂಡೆಯನ್ನು ಕಂಡು ಅವನು ನಕ್ಕನು. ಹಸಿವಿಲ್ಲದವನ ಮುಂದೆ ಹೋಳಿಗೆಯ ರಾಶಿ ಸುರಿದಂತಾಯಿತೆಂದು ಹೇಳಿ, ಗೋಧಿಹಿಟ್ಟಿಗೆ ತುಸು ಶೇಂಗಾಹಿಂಡಿ ಬೆರೆಸಿ ಕಡಲೆಕಾಳಿನಷ್ಟು ಮಾತ್ರ ಗಾಳಕ್ಕೆ ಅಂಟಿಸಿದನು. ಗಾಳವನ್ನೂ ಸಣ್ಣದಕ್ಕೆ ಬದಲಾಯಿಸಿದನು. ಕಾಟ್ಲಾದ ಬಾಯಿ ಮೇಲ್ಮುಖವಾದುದು, ಅದು ನೀರಿನ ಮೇಲ್ಪದರದಲ್ಲಿ ಮೇಯುವುದು, ರೋಹು ನಡುನೀರಿನದು, ಮೃಗಾಲವೂ ಸಾಮಾನ್ಯ ಗೆಂಡೆಯೂ ತಳವನ್ನು ಕೆದಕುವಂಥವು, ಅವಕ್ಕೆ ಎರೆಹುಳು ಪ್ರಿಯ. ಚಳಿಯನ್ನು ಗೆಂಡೆಯು ಮಿಕ್ಕವಕ್ಕಿಂತ ಚೆನ್ನಾಗಿ ತಾಳುತ್ತದೆ. ಕಾಟ್ಲಾ ರೋಹುಗಳು ನಿಂತ ನೀರಿನಲ್ಲಿ ಮರಿ ಮಾಡವು, ಮರಿಗಳನ್ನು ತಂದು ಬಿಡಬೇಕು. ಗೆಂಡೆಯಾದರೋ ಇಲ್ಲಿಯೇ, ಚಳಿ ಇಳಿಯುವ ಹೊತ್ತಿಗೆ, ಮೊಟ್ಟೆಯಿಡುತ್ತದೆ. ಹೊಟ್ಟೆಯುಬ್ಬಿದುದು ಸಿಕ್ಕರೆ ನೀರಿಗೆ ಬಿಟ್ಟುಬಿಡು ಎಂದು ಹುಡುಗನಿಗೆ ಎರಡೆರಡು ಸಾರಿ ಹೇಳಿದನು. ಜಲಾಶಯದ ಮೀನು ಇಲಾಖೆಯ ಲೆಕ್ಕಕ್ಕೆ ಸೇರಿದುದು, ಹವ್ಯಾಸಿಗಳು ಮೊದಲು ಕೇಳಿ ಗಾಳ ಹಾಕಬೇಕೆಂಬುದೂ ಅವನಿಂದಲೇ ತಿಳಿಯಿತು. ಮೂರು ದಿನ ನಾವು ಕೇಳದೆಯೇ ಕುಳಿತಿದ್ದೆವು. ನೀರು ಇಳಿದ ಅಂಚಿನಲ್ಲಿ ಎರೆಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಮೊಣಕಾಲಿನವರೆಗೆ ನುಂಗುವುದು. ಮಾಂಜ್ರಾ ಸೀಮೆಯಲ್ಲಿ ಮೊಸಳೆಗಳೂ ಉಂಟು, ಮಾಗಿಯಲ್ಲಿ ಅವು ಬಿಸಿಲು ಕಾಯಲು ದಡಕ್ಕೆ ಬರುವುವು. ಇದನ್ನು ‘ಮಾನಸೋಲ್ಲಾಸ’ದ ಪಂಡಿತನಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಅವನು ನಮ್ಮನ್ನು ಅಲ್ಲಿಂದ ಎಬ್ಬಿಸಿ ಬಿಸಿಲು ಬೀಳುವ ಮತ್ತೊಂದು ಮೂಲೆಗೆ ಕರೆದೊಯ್ದು, ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟು ಆಳವನ್ನು ನೋಡಿ, “ಇಲ್ಲೇ ಹಾಕು ತಮ್ಮಾ,” ಎಂದನು. ಇಲ್ಲಿಯೇ ಏಕೆಂದು ನಾನು ಕೇಳಿದೆನು.

“ಕೆಳಗ ನಮ್ಮ ಹೊಲ ಅದರಿ ಸರ್. ನಮ್ಮಪ್ಪಂದು ಎರಡು ಎಕರೆ. ಹೊಲದಾಗ ಬಾವಿ ಇತ್ತು. ಥಂಡಿಯೊಳಗ ಮೀನ ಆ ತಗ್ಗಿನಾಗ ಕೂಡ್ತಾವ.”

೨೦೧೬ರ ಬರಗಾಲದಲ್ಲಿ ನೀರು ಹಿಂದೆ ಸರಿದಾಗ ಆ ಬಾವಿಯ ಕಟ್ಟೆಯು ಹೊರಗೆ ಕಂಡಿತಂತೆ. ತಂದೆಯನ್ನು ಹೊತ್ತು ತಂದು ತೋರಿಸಿದನಂತೆ. ಹೊಲವು ಮುಳುಗಿದ ಮೇಲೆಯೇ ಇವನನ್ನು ಔರಾದ ತಾಲ್ಲೂಕಿನಲ್ಲಿದ್ದ ಸೋದರಮಾವನ ಮನೆಗೆ ಕಳುಹಿಸಿದ್ದರು. ನಾನು ಆಗ ಆ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆನು.

ಈಗ ಹೇಳಬೇಕಾದುದನ್ನು ಹೇಳುವೆನು. ೧೯೯೩ರಲ್ಲಿ, ಶಾಕುಂತಲದ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆನು. ಉಂಗುರವನ್ನು ನುಂಗಿದ ಮೀನು ರೋಹಿತವೆಂದು ಕಾಳಿದಾಸನು ಹೇಳುತ್ತಾನೆ. ಆಗ ಹಿಂದಿನ ಸಾಲಿನಿಂದ ಈ ಹುಡುಗನು ಎದ್ದು, ರೋಹಿತವೆಂದರೆ ನಮ್ಮ ರೋಹುವೇ ಏನು, ಅದು ಹಾಗೆ ಗಟ್ಟಿ ವಸ್ತುವನ್ನು ನುಂಗುವ ಮೀನಲ್ಲವಲ್ಲ ಎಂದು ಕೇಳಿದನು. ಮೂವತ್ತಮೂರು ವರ್ಷದ ಸೇವೆಯಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಬೇರೊಬ್ಬರು ಕೇಳಿದ ನೆನಪಿಲ್ಲ. ನಾನು ಕೊಟ್ಟ ಉತ್ತರವು ಇದು: “ಧೀವರನ ಮಾತು ಧೀವರನಿಗೇ ಗೊತ್ತು, ಪುಸ್ತಕಕ್ಕೆ ವಾಸನೆ ಹತ್ತೀತು, ಕುಳಿತುಕೊ.” ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ನಾಟಕದಲ್ಲಿ ರಕ್ಷಕರು ಆ ಬಡ ಬೆಸ್ತನನ್ನು ಹಂಗಿಸುವುದು ಇದೇ ರೀತಿಯಲ್ಲಿಯೇ. ಅದನ್ನು ಓದಿಸುತ್ತಲೇ ಅದನ್ನು ಮಾಡಿದೆನು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಬಡತನವೇ ಕಾರಣವಿದ್ದೀತೆಂದು ನಾನು ನನಗೆ ಹೇಳಿಕೊಳ್ಳುತ್ತ ಬಂದಿದ್ದೆನು.

ದಂಡೆಯ ಮೇಲೆ ಕುಳಿತು, ಮೊಮ್ಮಗನು ಕೇಳುತ್ತಿರುವಂತೆಯೇ, ಅಂದು ನಾನು ಆಡಿದುದು ತಪ್ಪು, ನಿನ್ನ ಪ್ರಶ್ನೆಯು ಸರಿಯಾಗಿತ್ತು ಎಂದು ಹೇಳಿದೆನು. ಎಷ್ಟೋ ಸಭೆಗಳಲ್ಲಿ ತಡವರಿಸದ ನಾಲಗೆಯು ಈ ಎರಡು ವಾಕ್ಯಗಳಿಗೆ ತಡವರಿಸಿತು. ಅವನು ನೀರನ್ನೇ ನೋಡುತ್ತ, “ನನಗೂ ನೆನಪದರಿ ಸರ್,” ಎಂದನು, ಮತ್ತೇನನ್ನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ತೇಲುಬೆಂಡು ಒಂದಿಷ್ಟೇ ವಾಲಿತು. ಮಾಗಿಯಲ್ಲಿ ಮೀನು ಜಗ್ಗುವುದಿಲ್ಲವಂತೆ, ಮುಟ್ಟುತ್ತದಂತೆ. “ಈಗ!” ಎಂದು ಅವನು ಮೆಲ್ಲನೆ ಹೇಳಿದುದಕ್ಕೆ ಹುಡುಗನು ಕೋಲನ್ನು ಎತ್ತಿದನು. ಮೊಳದುದ್ದದ ರೋಹು. ನಮ್ಮ ಮನೆಗೆ ಅದು ಬರುವಂತಿಲ್ಲವಾದ ಕಾರಣ ಅವನ ಬುಟ್ಟಿಗೇ ಹೋಯಿತು.

ತೆಪ್ಪವನ್ನು ನೂಕುತ್ತ ಅವನು ತಿರುಗಿ ನೋಡಿ, “ಅಂದು ಗಂಟಿ ಹೊಡೀತು, ಕಥಿ ಅರ್ಧಕ್ಕ ನಿಂತಿತ್ತು ಸರ್. ಆ ಮೀನಗಾರಗ ಕಡೀಗೆ ಏನು ಸಿಕ್ತರಿ?” ಎಂದು ಕೇಳಿದನು.

ಉಂಗುರದ ಬೆಲೆಯಷ್ಟು ಹಣವನ್ನು ಅರಸನು ಕೊಡಿಸಿದನೆಂದೂ, ಅದರಲ್ಲಿ ಅರ್ಧವನ್ನು ಅವನು ತನ್ನನ್ನು ಕಟ್ಟಿ ತಂದ ರಕ್ಷಕರಿಗೆ ಕೊಟ್ಟನೆಂದೂ ಹೇಳಿದೆನು.

“ಅರ್ಧಾ ಪೊಲೀಸರಿಗೇನ್ರಿ?” ಎಂದು ಅವನು ಗಟ್ಟಿಯಾಗಿ ನಕ್ಕು, ಬಲೆ ಎತ್ತಲು ಹೊರಟುಹೋದನು.